ಮಹಾವೀರಾಚಾರ್ಯನ ಕಂಠಾಭರಣ ಸಂಖ್ಯೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಕಾಲವೆಂದೊಡನೆ ಕನ್ನಡಿಗರಿಗೆ 'ಕವಿರಾಜಮಾರ್ಗ'ವು ನೆನಪಿಗೆ ಬರುವುದು ಸಹಜ. ಅದೇ ಅರಸನನ್ನು ಆರಂಭದಲ್ಲಿ ಸ್ತುತಿಸುವ ಮಹಾವೀರಾಚಾರ್ಯನ ಸಂಸ್ಕೃತ ಕೃತಿ 'ಗಣಿತಸಾರಸಂಗ್ರಹ'ಕ್ಕೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಸಲ್ಲುವುದು ಹೆಚ್ಚೆಂದರೆ ಒಂದೆರಡು ವಾಕ್ಯ. ಒಂದು ಯುಗದ ಬುದ್ಧಿವೈಭವವನ್ನು ಕಾವ್ಯದಿಂದ ಮಾತ್ರವೇ ಅಳೆಯುವ ಅಭ್ಯಾಸದ ಫಲವಿದು. ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.

ಇದರ ಗುಣಾಕಾರದ ಲೆಕ್ಕಗಳಲ್ಲಿ ಒಂದರ ಉತ್ತರ 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಸಂಖ್ಯೆಯು, ಚಿತ್ರಕಾವ್ಯದ ಗತಪ್ರತ್ಯಾಗತ ಬಂಧದಂತೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳನ್ನು ಆಚಾರ್ಯನು ಕಂಠಾಭರಣಗಳೆಂದು ಕರೆದಿದ್ದಾನೆ. ಹೆಸರಿನ ಸೊಗಸಿಗೆ ಮರುಳಾಗಿ ಇವನ್ನು ಬರಿಯ ಅಂಕವಿನೋದವೆಂದು ಬದಿಗಿರಿಸುವವರುಂಟು. ಆದರೆ ಹಾರವನ್ನು ಬಿಚ್ಚಿ ಮಣಿಗಳನ್ನು ಎಣಿಸಿದಾಗ ಬೇರೊಂದು ಸಂಗತಿ ಕಾಣುತ್ತದೆ.

ಈ ಸಂಖ್ಯೆಯು 111111ರ ವರ್ಗ. 111111 ಎಂಬುದು 111 ಮತ್ತು 1001ರ ಗುಣಲಬ್ಧ. 111 ಎಂದರೆ 3×37, 1001 ಎಂದರೆ 7×11×13. ಹೀಗೆ ಐದು ಸಣ್ಣ ಅವಿಭಾಜ್ಯ ಸಂಖ್ಯೆಗಳು ಇದರಲ್ಲಿ ಅಡಗಿವೆ. ಗ್ರಂಥದಲ್ಲಿ ಗುಣಿಸಲು ಕೊಟ್ಟಿರುವುದು 27994681 ಮತ್ತು 441. ನೋಡಿದೊಡನೆ ಇವುಗಳಲ್ಲಿ ಯಾವ ಸೊಗಸೂ ಕಾಣದು. ಆದರೆ 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 111111ನ್ನು 21ರಿಂದ ಭಾಗಿಸಿದರೆ ಬರುವುದೇ 5291. ಎರಡೂ ಪೂರ್ಣವರ್ಗಗಳಾಗಿರುವುದನ್ನು ಆಕಸ್ಮಿಕವೆನ್ನಲಾಗದು. ಉತ್ತರವನ್ನು ಮೊದಲು ಇರಿಸಿಕೊಂಡು, ಅದನ್ನು ಒಡೆದು, ಅನಂತರ ಪ್ರಶ್ನೆಯನ್ನು ಕಟ್ಟಿರಬೇಕು.

ಏರಿಕೆಯು ಆರಕ್ಕೇ ಏಕೆ ನಿಂತಿತು? ಒಂಬತ್ತು ಒಂದುಗಳ ವರ್ಗವಾದ 12345678987654321ರವರೆಗೂ ಈ ಏರಿಳಿತ ಕೆಡುವುದಿಲ್ಲ. ಹತ್ತನೆಯ ಒಂದು ಸೇರಿದಾಗ ಮಾತ್ರ ದಶಕ ಮುಂದಿನ ಮನೆಗೆ ಸರಿದು ಕ್ರಮ ತಪ್ಪುತ್ತದೆ. ಆದರೆ ಐದು ಒಂದುಗಳ ಸಂಖ್ಯೆ 41×271 ಎಂದೂ ಏಳು ಒಂದುಗಳ ಸಂಖ್ಯೆ 239×4649 ಎಂದೂ ಒಡೆಯುತ್ತವೆ. ಇವುಗಳ ವರ್ಗದಿಂದ ವಿದ್ಯಾರ್ಥಿಗೆ ತಕ್ಕ ಸಣ್ಣ ಗುಣಕವನ್ನು ತೆಗೆಯುವುದು ಕಷ್ಟ. ಆರು ಒಂದುಗಳಿಗೆ ಆ ತೊಡಕಿಲ್ಲ.

ಇಷ್ಟಕ್ಕೂ ಬರಿಯ ಭಾಗಾಕಾರದ ಪ್ರಯೋಗ ಸಾಲದೇ ಎಂಬ ಆಕ್ಷೇಪ ಬರಬಹುದು. 12345679ನ್ನು 9ರಿಂದ ಗುಣಿಸಿ ಒಂಬತ್ತು ಒಂದುಗಳನ್ನು ಪಡೆಯುವ ಲೆಕ್ಕಕ್ಕೂ, 142857143ನ್ನು 7ರಿಂದ ಗುಣಿಸಿ 1000000001 ಪಡೆಯುವ ಲೆಕ್ಕಕ್ಕೂ ಅದು ಸಾಕು. ಆದರೆ ಅದೇ ಗುಂಪಿನಲ್ಲಿ ಇನ್ನೊಂದು ಲೆಕ್ಕವಿದೆ: 152207ನ್ನು 73ರಿಂದ ಗುಣಿಸಿದರೆ 11111111. ಎಂಟು ಒಂದುಗಳ ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು 11, 73, 101, 137. ಇವುಗಳಲ್ಲಿ ಸುಲಭವಾದ 11ನ್ನೂ 101ನ್ನೂ ಬಿಟ್ಟು, ಮರೆಯಲ್ಲಿದ್ದ 73ನ್ನು ಆಚಾರ್ಯನು ಆರಿಸಿಕೊಂಡಿದ್ದಾನೆ.