ಪೂಕೋಡು ಸರೋವರ

ಕೇರಳದ ವಯನಾಡು ಜಿಲ್ಲೆಯ ವೈತ್ತಿರಿ ಪಟ್ಟಣದ ಬಳಿ, ಪಶ್ಚಿಮಘಟ್ಟದ ನೆತ್ತಿಯ ಮೇಲಿರುವ ಸ್ವಾಭಾವಿಕ ಸಿಹಿನೀರಿನ ಸರೋವರ. ಸಮುದ್ರಮಟ್ಟದಿಂದ ಎತ್ತರ ಸುಮಾರು 770 ಮೀ. ವಿಸ್ತಾರ ಸುಮಾರು 8.5 ಹೆಕ್ಟೇರ್, ಎಂದರೆ 21 ಎಕರೆ. ಅತಿ ಹೆಚ್ಚಿನ ಆಳ ಸುಮಾರು 6.5 ಮೀ. ಮೈಸೂರು ಸೀಮೆಯ ಎಷ್ಟೋ ಊರಕೆರೆಗಳು ಇದಕ್ಕಿಂತ ದೊಡ್ಡವು. ಕೇರಳದಲ್ಲಿ ಹೆಸರಾದ ಸಿಹಿನೀರಿನ ಸರೋವರಗಳಾದ ಶಾಸ್ತಾಂಕೋಟ, ವೆಳ್ಳಾಯಣಿಗಳು ಕರಾವಳಿಗೆ ಸಮೀಪದ ತಗ್ಗುಪ್ರದೇಶದಲ್ಲಿವೆ. ಪೂಕೋಡು ಮಾತ್ರ ಗುಡ್ಡಗಾಡಿನದು. ಗಾತ್ರ ಕಿರಿದಾದರೂ ಕನ್ನಡನಾಡಿನ ಮಟ್ಟಿಗೆ ಇದು ಮುಖ್ಯವಾದ ಜಲಮೂಲ, ಏಕೆಂದರೆ ಕಬಿನಿಯ ಹುಟ್ಟುನೀರಿನಲ್ಲಿ ಇದರ ಪಾಲೂ ಇದೆ.

ಸರೋವರದಿಂದ ಕೆಲವೇ ಕಿಲೋಮೀಟರ್ ದೂರದ ಲಕ್ಕಿಡಿಯಲ್ಲಿ ನೆಲ ಥಟ್ಟನೆ ಕುಸಿಯುತ್ತದೆ. ತಾಮರಶ್ಶೇರಿ ಘಾಟಿಯ ರಸ್ತೆ ಅಲ್ಲಿಂದ ಸುತ್ತಿ ಸುತ್ತಿ ಕೋಳಿಕ್ಕೋಡಿನ ಕಡೆಗೆ ಇಳಿಯುತ್ತದೆ. ಅರಬ್ಬಿ ಸಮುದ್ರ ಇಷ್ಟು ಹತ್ತಿರವಿದ್ದರೂ ಪೂಕೋಡಿನ ನೀರು ಅತ್ತ ಹೋಗುವುದಿಲ್ಲ. ಇಲ್ಲಿ ಹೊರಡುವ ತೊರೆ ಪನಮರಂ ಹೊಳೆಯಾಗಿ ಬೆಳೆದು, ಮಾನಂದವಾಡಿ ಹೊಳೆಯೊಡನೆ ಕೂಡಿ ಕಬಿನಿ ಎನಿಸಿಕೊಳ್ಳುತ್ತದೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಕಬಿನಿ, ಭವಾನಿ, ಪಾಂಬಾರ್ ಮೂರೇ. ಕಬಿನಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1974ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನಿಂತು, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಕಪಿಲೆಯಾಗಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಘಟ್ಟದಂಚಿನ ಮಳೆನೀರು ಹೀಗೆ ಇಡೀ ಪರ್ಯಾಯದ್ವೀಪವನ್ನು ದಾಟಿ ಬಂಗಾಳ ಕೊಲ್ಲಿಗೆ ಮುಟ್ಟುತ್ತದೆ.

ನೈಋತ್ಯ ಮುಂಗಾರಿಗೆ ನೇರವಾಗಿ ಎದೆಯೊಡ್ಡಿದ ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಸುತ್ತಲಿನ ಕಾಡುಗುಡ್ಡಗಳು ಆ ಮಳೆಯನ್ನು ಹೀರಿ ನಿಧಾನವಾಗಿ ಬಸಿಯುವುದರಿಂದ ಸರೋವರ ಬೇಸಿಗೆಯಲ್ಲೂ ಬತ್ತುವುದಿಲ್ಲ. ಆದರೆ ಅದೇ ಮಳೆ ಸಡಿಲವಾದ ಮಣ್ಣನ್ನೂ ಹೊತ್ತು ತರುತ್ತದೆ. ಹೂಳು ತುಂಬಿ ಆಳ ಕಡಿಮೆಯಾದಂತೆ ಬಿಸಿಲು ತಳಕ್ಕೆ ಇಳಿಯುತ್ತದೆ, ಜಲಸಸ್ಯಗಳು ಬೇರೂರುತ್ತವೆ. ಅವು ಸತ್ತು ಕೊಳೆತು ತಳವನ್ನು ಇನ್ನಷ್ಟು ಮೇಲೆತ್ತುತ್ತವೆ, ನೀರಿನ ಆಮ್ಲಜನಕವನ್ನು ಕುಗ್ಗಿಸುತ್ತವೆ. ಹೂಳು ಮತ್ತು ಕಳೆ ಪೂಕೋಡಿನ ಹಳೆಯ ರೋಗ. ಕಳೆ ಕೀಳುವುದು, ಹೂಳೆತ್ತುವುದು ತಾತ್ಕಾಲಿಕ ಶುಶ್ರೂಷೆಯಷ್ಟೇ. ದಂಡೆಯ ಮೇಲಿನ ಇಳಿಜಾರುಗಳಲ್ಲಿ ಮಣ್ಣು ಹಿಡಿದಿಡುವ ಕಾಡು ಉಳಿಯದಿದ್ದರೆ ಎತ್ತಿದ ಹೂಳು ಮತ್ತೆ ಬಂದು ತುಂಬುತ್ತದೆ.

ಜೀವವಿಜ್ಞಾನಿಗಳಿಗೆ ಈ ಸರೋವರ ಪ್ರಿಯವಾಗಿರುವುದು ಒಂದು ಪುಟ್ಟ ಮೀನಿನಿಂದ. ಕಾರ್ಪ್ ಕುಟುಂಬಕ್ಕೆ ಸೇರಿದ, ಕೆಲವೇ ಸೆಂಟಿಮೀಟರ್ ಉದ್ದದ ಈ ಮೀನನ್ನು 2007ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಸ್ಥಳದ ಹೆಸರನ್ನೇ ಇಟ್ಟು ಪುಂಟಿಯಸ್ ಪೂಕೋಡೆನ್ಸಿಸ್ ಎಂದು ಕರೆದರು. ಆಮೇಲೆ ಅದನ್ನು ಪೆಥಿಯಾ ಕುಲಕ್ಕೆ ಸೇರಿಸಲಾಯಿತು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಇದನ್ನು ವಿನಾಶದ ತೀವ್ರ ಅಪಾಯದಲ್ಲಿರುವ ಜೀವಿಗಳಲ್ಲಿ ಗುರುತಿಸಿದೆ. ದೊಡ್ಡ ನದಿಯ ಮೀನಿಗೆ ನೀರು ಕೆಟ್ಟರೆ ಮೇಲಕ್ಕೋ ಕೆಳಕ್ಕೋ ಸರಿಯುವ ಅವಕಾಶವಿದೆ. ಇಷ್ಟು ಇಕ್ಕಟ್ಟಿನ ನೆಲೆಗೆ ಅಂಟಿಕೊಂಡ ಪ್ರಭೇದಕ್ಕೆ ಆ ದಾರಿಯಿಲ್ಲ. ಇಪ್ಪತ್ತೊಂದು ಎಕರೆ ನೀರನ್ನು ಕಾಯುವುದಕ್ಕೆ ಈ ಮೀನೊಂದೇ ಸಾಕಷ್ಟು ಕಾರಣ.

ದಡದಲ್ಲಿ ಕಾಲುದಾರಿ, ದೋಣಿವಿಹಾರ, ಮತ್ಸ್ಯಾಲಯಗಳಿವೆ. ಮೇಲಿನಿಂದ ನೋಡಿದರೆ ಸರೋವರಕ್ಕೆ ಭಾರತದ ಭೂಪಟದ ಆಕಾರವಿದೆ ಎಂದು ಸ್ಥಳೀಯರು ಹೇಳುತ್ತಾರೆ. 2010ರಲ್ಲಿ ಸ್ಥಾಪನೆಯಾದ ಕೇರಳ ಪಶುವೈದ್ಯ ಮತ್ತು ಪ್ರಾಣಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಪೂಕೋಡಿನಲ್ಲೇ ಇದೆ. ಮೈಸೂರಿನಿಂದ ಬರುವವರು ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟಗಳ ಮೂಲಕ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಬಂದರೆ ವೈತ್ತಿರಿ ದಾಟಿದ ಮೇಲೆ ಸರೋವರದ ಕವಲು ಸಿಗುತ್ತದೆ. ಈ ಹೆದ್ದಾರಿ ಬಂಡೀಪುರದ ಕಾಡನ್ನು ಹಾಯುವ ಭಾಗದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ.