ಮೂರ್ಛೆರೋಗ, ಕರೆಂಟು ಮತ್ತು ಗಾರ್ಡಿನಾಲ್ ಮಾತ್ರೆ

ನಮ್ಮ ಮೂಡಿಗೆರೆ ಕಡೆ ಯಾರಿಗಾದರೂ ಫಿಟ್ಸ್ ಬಂತು ಅಂದರೆ ಮೊದಲು ಹುಡುಕೋದು ಬೀಗದ ಕೈ ಗೊಂಚಲು. ತೋಟದಲ್ಲಾದರೆ ಕತ್ತಿ. ಕಬ್ಬಿಣ ಕೈಗೆ ಕೊಟ್ಟರೆ ನಿಲ್ಲುತ್ತೆ ಅಂತ ನಂಬಿಕೆ. ನಿಲ್ಲುತ್ತೆ ಕೂಡ, ಯಾಕಂದ್ರೆ ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗೇ ನಿಲ್ಲುತ್ತವೆ! (ಕತ್ತಿ ಮಾತ್ರ ದಯವಿಟ್ಟು ಬೇಡ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.)

ಈಚೆಗೆ ಕಳಸದ ನೆಂಟರೊಬ್ಬರು ಕೇಳಿದರು, "ಮೆದುಳಿಗೆ ಕರೆಂಟ್ ಕೊಡೋ ಮೆಷಿನ್ ಬಂದಿದೆಯಂತಲ್ಲ ಮಾರಾಯ, ಅದನ್ನ ಹಾಕಿಸಿದ್ರೆ ಹುಡುಗನ ಮಾತ್ರೆ ನಿಲ್ಲಿಸಬಹುದಾ?" ಒಂದೇ ಮಾತಿನ ಉತ್ತರ, ಇಲ್ಲ. ಆದರೆ ಆ 'ಇಲ್ಲ'ದ ಹಿಂದೆ ನೂರೈವತ್ತು ವರ್ಷಕ್ಕೂ ಮೀರಿದ ಕತೆ ಇದೆ.

ಮೂರ್ಛೆರೋಗಕ್ಕೆ ಕೆಲಸ ಮಾಡುವ ಮೊದಲ ಔಷಧಿ ಬ್ರೋಮೈಡ್. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಅದನ್ನು ಹೇಳಿದ್ದು. 1880ರ ದಶಕದಲ್ಲೇ ನ್ಯೂಯಾರ್ಕಿನ ಕಾರ್ನಿಂಗ್ ಎಂಬ ವೈದ್ಯ ಕುತ್ತಿಗೆಯ ರಕ್ತನಾಳ ಒತ್ತಿಹಿಡಿದು, ಪಕ್ಕದ ವೇಗಸ್ ನರಕ್ಕೆ ಕರೆಂಟ್ ಕೊಟ್ಟು ನೋಡಿದ. ರೋಗಿಗಳಿಗೆ ತಲೆ ಸುತ್ತು ಬರತೊಡಗಿತು, ಆ ಉಪಾಯ ಮೂಲೆ ಸೇರಿತು. 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್ ಕಂಡುಕೊಂಡದ್ದು ಫೀನೋಬಾರ್ಬಿಟಾಲ್, ನಮ್ಮೂರ ಮೆಡಿಕಲ್ ಶಾಪಿನ ಗಾರ್ಡಿನಾಲ್. 1938ರಲ್ಲಿ ಬಂದದ್ದು ಫೆನಿಟಾಯಿನ್, ಅಂದರೆ ಎಪ್ಟಾಯಿನ್.

ಅಷ್ಟು ಹೊತ್ತಿಗೆ ಕರೆಂಟು ಆಪರೇಷನ್ ಥಿಯೇಟರ್ ಸೇರಿಕೊಂಡಿತ್ತು. ಮಾಂಟ್ರಿಯಲ್‌ನ ಪೆನ್‌ಫೀಲ್ಡ್ ಎಚ್ಚರವಿರುವ ರೋಗಿಯ ಮೆದುಳನ್ನು ತಂತಿಯಿಂದ ಮುಟ್ಟಿ ಫಿಟ್ಸ್ ಹುಟ್ಟುವ ಜಾಗ ಹುಡುಕುತ್ತಿದ್ದರು. ಅವರಲ್ಲಿ ಕಲಿತ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿಗೆ ಬಂದು, 1952ರಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಅಲ್ಲೆಲ್ಲ ಕರೆಂಟು ದಾರಿ ತೋರಿಸುವ ಟಾರ್ಚು ಅಷ್ಟೇ, ಚಿಕಿತ್ಸೆ ಅಲ್ಲ.

ಚಿಕಿತ್ಸೆಯಾಗಿ ಅದು ಮರಳಿದ್ದು 1988ರಲ್ಲಿ, ಅದೇ ವೇಗಸ್ ನರದ ಮೂಲಕ. ಎದೆಯ ಚರ್ಮದಡಿ ಸಣ್ಣ ಯಂತ್ರ, ಕುತ್ತಿಗೆಯ ಎಡಬದಿಯ ನರಕ್ಕೆ ತಂತಿ. ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಮಿಡಿಯುತ್ತೆ. ಫಿಟ್ಸ್ ಬರುವ ಸೂಚನೆ ಸಿಕ್ಕರೆ ಎದೆಯ ಮೇಲೆ ಅಯಸ್ಕಾಂತ ಆಡಿಸಬೇಕು, ಹೆಚ್ಚುವರಿ ಮಿಡಿತ ಸಿಗುತ್ತೆ. ನಮ್ಮಜ್ಜಿ ಇದ್ದಿದ್ದರೆ "ಕಬ್ಬಿಣ ಕೊಡಿ ಅಂತ ನಾವು ಹೇಳ್ಲಿಲ್ವಾ" ಅಂತಿದ್ರೋ ಏನೋ! 1997ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಾಗ ಕಾಗದದಲ್ಲಿ ಬರೆದದ್ದು ಮಾತ್ರೆಯ ಬದಲಿಗೆ ಅಂತಲ್ಲ, ಮಾತ್ರೆಯ ಜೊತೆಗೆ ಅಂತ. ಸುಮಾರು ಅರ್ಧದಷ್ಟು ಜನರಿಗೆ ಫಿಟ್ಸ್ ಅರ್ಧಕ್ಕಿಳಿಯುತ್ತೆ. ಪೂರ್ತಿ ನಿಲ್ಲೋದು ಕೆಲವರಿಗೆ ಮಾತ್ರ.

ಆಮೇಲೆ ಮೆದುಳಿನ ಆಳದ ಥಲಾಮಸ್‌ಗೇ ತಂತಿ ಇಳಿಸಿದರು. 2010ರಲ್ಲಿ ಪ್ರಕಟವಾದ ಸಾಂಟೆ ಅಧ್ಯಯನದಲ್ಲಿ 110 ಜನ. ಎರಡು ವರ್ಷದಲ್ಲಿ ಫಿಟ್ಸ್ ಕಡಿಮೆಯಾದದ್ದರ ನಡುಮಟ್ಟ ಶೇ. 56. ಅವರೂ ಮಾತ್ರೆ ನುಂಗುತ್ತಲೇ ಇದ್ದವರು. ಮಾತ್ರೆ ಮೆದುಳಿನ ಒಟ್ಟು ಉದ್ರೇಕ ತಗ್ಗಿಸುತ್ತೆ, ಯಂತ್ರ ಅದು ಹರಡುವ ಜಾಲವನ್ನು ಕದಡುತ್ತೆ. ಒಂದರ ಕೆಲಸ ಇನ್ನೊಂದಕ್ಕೆ ಬರಲ್ಲ.

ಇನ್ನೊಂದು ಮಾತು. ಈ ಯಂತ್ರಗಳು ಮಾತ್ರೆಗೆ ಬಗ್ಗದ ಸುಮಾರು ಮೂರನೇ ಒಂದು ಭಾಗದವರಿಗೆ, ಅದೂ ಶಸ್ತ್ರಚಿಕಿತ್ಸೆಗೆ ಒಗ್ಗದವರಿಗೆ. ಖರ್ಚೂ ಲಕ್ಷಗಟ್ಟಲೆ. ಉಳಿದವರ ಕತೆ ನನಗೆ ಮುಖ್ಯ ಅನಿಸೋದು ಯಳಂದೂರಿನಿಂದಾಗಿ. ಅಲ್ಲಿ ಡಾ. ಕೆ.ಎಸ್. ಮಣಿ ಮತ್ತು ತಂಡ ಸುಮಾರು 65 ಸಾವಿರ ಜನರ ನಡುವೆ ಮನೆಮನೆ ಸುತ್ತಿ, ಸಾವಿರಕ್ಕೆ 4.6 ಜನರಿಗೆ ಮೂರ್ಛೆರೋಗ ಇದೆ ಅಂತ ಕಂಡರು. ಕೊಟ್ಟದ್ದು ಅದೇ ಹಳೇ ಗಾರ್ಡಿನಾಲ್, ಎಪ್ಟಾಯಿನ್. ಹಳ್ಳಿಯಲ್ಲೇ, ಅಗ್ಗದ ಮಾತ್ರೆಯಲ್ಲೇ ಫಿಟ್ಸ್ ಹಿಡಿತಕ್ಕೆ ತರಬಹುದು ಅನ್ನೋ ಅವರ ವರದಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

ನಮ್ಮ ಕಡೆಯ ತೊಂದರೆ ಬೇರೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿತ್ತಲ್ಲ, ಅಂಥ ದಿನಗಳಲ್ಲಿ ಮಾತ್ರೆ ಮುಗಿದರೆ? ಈ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯ, ಎದೆಯಲ್ಲಿ ಯಂತ್ರ ಇದ್ದರೂ ಅಷ್ಟೇ. ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡುವ ಮನೆಯವರು ಡಾಕ್ಟರ ಚೀಟಿ ತೋರಿಸಿ ಎರಡು ತಿಂಗಳ ಮಾತ್ರೆಯನ್ನೂ ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ.