ಕಣ್ಣನ್ನು ರೆಪ್ಪೆ ಕಾಯುತ್ತದೆ, ರೆಪ್ಪೆಯನ್ನು ಯಾರು ಕಾಯಬೇಕು?

ಮಕ್ಕಳೇ, ‘ಕಣ್ಣನ್ನು ರೆಪ್ಪೆ ಕಾಯುವ ಹಾಗೆ ಕಾಪಾಡಿದೆ’ ಎಂದು ಊರಿನ ಅಜ್ಜಿ ಫೋನಿನಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಆ ರೆಪ್ಪೆಯೇ ಹೋದರೆ? ಕಣ್ಣು ಮುಚ್ಚುವುದಿಲ್ಲ, ಕಣ್ಣೀರು ಹರಡುವುದಿಲ್ಲ. ಕಣ್ಣು ಒಣಗಿ ದೃಷ್ಟಿಯೇ ಹೋಗಬಹುದು.

1916ರ ಜಟ್ಲೆಂಡ್ ಕಡಲಯುದ್ಧದಲ್ಲಿ ವಿಕರೇಜ್ ಎಂಬ ಬ್ರಿಟಿಷ್ ನಾವಿಕನ ಮುಖ ಸುಟ್ಟು, ರೆಪ್ಪೆ, ಮೂಗು, ತುಟಿ ಎಲ್ಲ ಕೆಟ್ಟುಹೋದವು. ಮರುವರ್ಷ ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲೀಸ್ ಎಂಬ ವೈದ್ಯರು ಅವನ ಎದೆಯ ಚರ್ಮವನ್ನು ಮುಖಕ್ಕೆ ತಂದರು. ಪೂರ್ತಿ ಕತ್ತರಿಸದೆ, ಒಂದು ತುದಿಯನ್ನು ಮೂಲದಲ್ಲೇ ಉಳಿಸಿದರು. ಚರ್ಮದ ಪಟ್ಟಿಯ ಅಂಚುಗಳು ಸುರುಳಿಯಾಗುವುದನ್ನು ಕಂಡು ಅದನ್ನು ಕೊಳವೆಯಂತೆ ಹೊಲಿದರು. ರಕ್ತ ಹರಿಯುತ್ತಲೇ ಇತ್ತು, ಸೋಂಕೂ ತಗ್ಗಿತು. ಅದು ಪೆನಿಸಿಲಿನ್ ಇನ್ನೂ ಇಲ್ಲದ ಕಾಲ.

ಚರ್ಮ ಹೊಸ ಜಾಗದಲ್ಲಿ ಬೇರೂರುವ ತನಕ ಹಳೆಯ ನಂಟನ್ನು ಕಡಿಯಬಾರದು ಎಂಬ ತಿಳಿವಳಿಕೆ ಗಿಲೀಸರಿಗಿಂತ ಬಹಳ ಹಳೆಯದು. 16ನೆಯ ಶತಮಾನದ ಇಟಲಿಯಲ್ಲಿ ತೋಳಿನ ಚರ್ಮದಿಂದ ಮೂಗು ಕಟ್ಟುತ್ತಿದ್ದರು. ಆಮೇಲೆ ಯುರೋಪು ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು. ಮತ್ತೆ ನೆನಪಿಸಿದ್ದು ನಮ್ಮ ಮೈಸೂರು ಯುದ್ಧದ ಒಂದು ಕಥೆ.

ಕಾವಸ್‌ಜಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠ. 1792ರ ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಮುಂದೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದ ತೆಳು ಹಾಳೆಯಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಇಟ್ಟು ಗೆರೆ ಎಳೆದ. ಆ ಗೆರೆಯ ಒಳಗಿನ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟಿರುವಂತೆ ಉಳಿಸಿ, ತಿರುಗಿಸಿ ಕೆಳಗಿಳಿಸಿದ. ಹೊಲಿಗೆ ಹಾಕಲಿಲ್ಲ. ಎಲೆ ಅಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ, ಬಟ್ಟೆಗೆ ಸವರಿ ಅಂಟಿಸಿದ. ಅಂಟಿದ್ದ ಭಾಗವನ್ನು ಕತ್ತರಿಸುವುದು ಸುಮಾರು 25 ದಿನದ ಮೇಲೆ.

1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಮೇತ ಅಚ್ಚುಹಾಕಿತು. ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಇದೇ ಕ್ರಮವನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದ.

‘ಪ್ಲಾಸ್ಟಿಕ್ ಸರ್ಜರಿ ನಮ್ಮದೇ’ ಎಂದು ಯಾರಾದರೂ ಬೀಗಿದರೆ, ಈ ಕಥೆಯನ್ನು ಪೂರ್ತಿ ಹೇಳಿ. ಮೂಗು ಕಟ್ಟಿದ ಕೈ ಈ ನಾಡಿನದು, ಅದನ್ನು ಕೊಯ್ದ ಕೈಯೂ ಈ ನಾಡಿನದೇ. ಪತ್ರಿಕೆ ಎತ್ತು ಹೊಡೆಯುವವನ ಹೆಸರನ್ನು ಬರೆಯಿತು, ಚಿತ್ರವನ್ನೂ ಹಾಕಿತು. ಮುಖ ಮರಳಿ ಕೊಟ್ಟವನ ಜಾತಿ ಬರೆದು, ಹೆಸರು ಬಿಟ್ಟಿತು.